ಕಂಸದೊಳಗಿನ ಎರಡು ಪದಗಳು

ಈ ಬರಹವನ್ನು ಆರಂಭಿಸುವ ಮುನ್ನ ಓದುಗರಲ್ಲಿ ಒಂದು ವಿನಂತಿ. ನಾನು ವಕೀಲಳಲ್ಲ, ವೈದ್ಯಳೂ ಅಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು. ಆ ಕಾರಣದಿಂದಲೇ ಏನೋ, ತಪ್ಪು ಬರೆದುಬಿಟ್ಟೇನೆಂಬ ಅಂಜಿಕೆ ನನಗೆ ಇತರರಿಗಿಂತ ತುಸು ಹೆಚ್ಚು. ‘ಹಕ್ಕು’ ಎಂಬ ಪದವನ್ನು ಬರೆದ ಮೇಲೆ, ಅದು ಸರಿಯಾದ ಜಾಗದಲ್ಲಿದೆಯೇ ಎಂದು ಮತ್ತೊಮ್ಮೆ ನೋಡುವ ಸ್ವಭಾವ ನನ್ನದು. ಕಾನೂನಿನ ಸಂಗತಿಗಳನ್ನು ನನಗೆ ತಿಳಿದ ಮಟ್ಟಿಗೆ ಸರಿಯಾಗಿ ಹೇಳಲು ಯತ್ನಿಸಿದ್ದೇನೆ. ಎಲ್ಲಿಯಾದರೂ ಎಡವಿದ್ದರೆ ದೋಷ ನನ್ನದೆಂದು ತಿಳಿದು ಮನ್ನಿಸಬೇಕು. ನನ್ನ ತಂಗಿಯನ್ನು ಮಾತ್ರ ಅದಕ್ಕೆ ಹೊಣೆ ಮಾಡಬಾರದು. ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ಬರೆಯಲು ತಂಗಿಯ ಅಭ್ಯಂತರವೇನೂ ಇರಲಿಲ್ಲ. ಆದರೆ ಈ ವೃತ್ತಾಂತದ ಮಧ್ಯದಲ್ಲಿ ಹೆಸರಿಲ್ಲದ ಇನ್ನೊಬ್ಬ ಹೆಣ್ಣುಮಗಳು ಬರುತ್ತಾಳೆ. “ಅವ್ಳಿಗಿಲ್ದಿರೋ ಹೆಸ್ರು ನಮಗ್ಯಾಕಕ್ಕಾ?” ಎಂದು ತಂಗಿ ಕೇಳಿದಳು. ಆ ಮಾತು ನನಗೆ ಸರಿಯೆನಿಸಿತು.

ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವುದು ನನ್ನ ಉದ್ಯೋಗ. ಅದೇ ರಸ್ತೆಯ ಕೊನೆಯಲ್ಲಿ, ಅಡ್ಡರಸ್ತೆಗೆ ತಿರುಗುವ ಮೂಲೆಯಲ್ಲಿ ಅಪ್ಪನ ಬೈಂಡಿಂಗ್ ಅಂಗಡಿ. ಮಾಗಡಿ ಕಡೆಯ ಹಳ್ಳಿಯಿಂದ ಯೌವನದಲ್ಲಿ ಬಂದು, ಹಾಳೆ ಹೊಲಿಯುವುದು, ರಟ್ಟು ಅಂಟಿಸುವುದು, ಅಂಚು ಕತ್ತರಿಸುವುದು ಇವಿಷ್ಟನ್ನು ಕಲಿತು, ಅದರಲ್ಲೇ ನಮ್ಮಿಬ್ಬರನ್ನು ಓದಿಸಿದವರು. ಅವರಲ್ಲಿಗೆ ಬರುವುದು ಹೆಚ್ಚಾಗಿ ವಕೀಲರ ಕಚೇರಿಗಳ ದಪ್ಪ ಪುಸ್ತಕಗಳು: ಕಂದು ಬಣ್ಣದ ರೆಕ್ಸಿನ್ ಹೊದಿಕೆ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಕಾನೂನನ್ನು ಅಪ್ಪ ಬೆನ್ನಿನ ಕಡೆಯಿಂದ ಮಾತ್ರ ಬಲ್ಲರು. “ಒಳಗೇನೈತೋ ನಂಗೊತ್ತಿಲ್ಲ ಸಾಮಿ, ಬಿಚ್ಚೋಗ್ದಂಗೆ ಹೊಲ್ದಿವ್ನಿ” ಎಂದು ವಕೀಲರಿಗೆ ಹೇಳುತ್ತಿದ್ದರು.

ಅಚ್ಚುಕೂಟದಲ್ಲಿ ನನ್ನ ಎದುರಿನ ಮೇಜು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರದು. ಬಸವನಗುಡಿಯಿಂದ ದಿನವೂ ನಡೆದು ಬಂದು, ಛತ್ರಿಯನ್ನು ಕುರ್ಚಿಯ ಬೆನ್ನಿಗೆ ತಗುಲಿಹಾಕಿ, ಕೆಂಪು ಶಾಯಿಯ ಪೆನ್ನು ತೆರೆಯುತ್ತಿದ್ದರು. ಪದಗಳನ್ನು ಎರಡು ಕಡೆಯಿಂದಲೂ ತಬ್ಬಿ ಹಿಡಿಯುವ ಬಾಗಿದ ಗೆರೆಗಳಿಗೆ ವ್ಯಾಕರಣ ಪುಸ್ತಕಗಳಲ್ಲಿ ಆವರಣ ಚಿಹ್ನೆ ಎಂಬ ಹೆಸರಿದೆ. ಮೇಷ್ಟ್ರು ಮಾತ್ರ ಅವುಗಳನ್ನು ‘ಕಂಸ’ ಎಂದೇ ಕರೆಯುತ್ತಿದ್ದರು. ನನಗೂ ಅದೇ ರೂಢಿಯಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಹೇಳಿಕೊಟ್ಟ ಪಾಠವೂ ಕಂಸದ್ದೇ.

“ಕಂಸ ತೆಗೆದು ಓದಮ್ಮ. ಒಳಗಿರೋದರ ಸಮೇತ ತೆಗಿ. ವಾಕ್ಯ ತಾನೇ ನಿಂತ್ಕೊಳ್ತೋ, ಬರೆದವನಿಗೆ ಬರೆಯಕ್ಕೆ ಬರುತ್ತೆ. ಬಿದ್ದುಹೋಯ್ತೋ, ಹೇಳಬೇಕಾದ್ದನ್ನ ಕಂಸದಲ್ಲಿ ಬಚ್ಚಿಟ್ಟಿದಾನೆ ಅಂತ ಅರ್ಥ.”

“ನಿಂತ ಹಾಗೂ ಇದೆ, ಬಿದ್ದ ಹಾಗೂ ಇದೆ ಅನ್ನಿಸಿದ್ರೆ ಮೇಷ್ಟ್ರೇ?”

“ಹಾಗಿದ್ರೆ ಅದು ಸರ್ಕಾರಿ ಸುತ್ತೋಲೆ. ಮುಟ್ಟಬೇಡ, ಹಾಗೇ ಬಿಡು.”

ಇದು 2023ರ ಮಾತು. ಹೆಂಗಸರಿಗಾಗಿ ಕನ್ನಡದಲ್ಲಿ ಒಂದು ಕಾನೂನು ಕೈಪಿಡಿಯನ್ನು ಹೊರತರುವ ಕೆಲಸವನ್ನು ನಮ್ಮ ಅಚ್ಚುಕೂಟ ವಹಿಸಿಕೊಂಡಿತ್ತು. ಇಂಗ್ಲಿಷ್ ಓದಬಲ್ಲವಳೆಂಬ ಕಾರಣಕ್ಕೆ, ಗರ್ಭಪಾತದ ಕಾನೂನಿನ ಅಧ್ಯಾಯವನ್ನು ಕನ್ನಡಕ್ಕೆ ತರುವ ಹೊಣೆ ನನ್ನ ಪಾಲಿಗೆ ಬಂತು. ಮೊದಲ ಪದದಲ್ಲೇ ನಾನು ನಿಂತುಬಿಟ್ಟೆ. ‘ಪಾತ’ವೆಂದರೆ ಬೀಳುವುದು. ತಾನಾಗಿ ಬಿದ್ದದ್ದಕ್ಕೂ ತೆಗೆಸಿಕೊಂಡದ್ದಕ್ಕೂ ನಮ್ಮಲ್ಲಿ ಒಂದೇ ಪದ. ಆಡುಮಾತಿನಲ್ಲಂತೂ ‘ಅಬಾರ್ಷನ್ ಆಯ್ತು’ ಎಂದರೆ ಮುಗಿಯಿತು. ಆಯಿತೋ ಮಾಡಿಸಿದ್ದೋ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಎಷ್ಟೋ ಹೆಂಗಸರು ಆ ಒಂದು ‘ಆಯ್ತು’ವಿನ ಮರೆಯಲ್ಲಿ ಬದುಕಿದ್ದಾರೆಂಬುದು ನನಗೆ ಆಗ ಹೊಳೆದಿರಲಿಲ್ಲ.

ಅನುವಾದಿಸುತ್ತ ಹೋದಂತೆ ಆ ಕಾನೂನಿನ ಚರಿತ್ರೆ ನನ್ನ ಮುಂದೆ ಬಿಚ್ಚಿಕೊಂಡಿತು. ಬ್ರಿಟಿಷರ ಕಾಲದ ದಂಡಸಂಹಿತೆಗೆ ಅದು ಅಪರಾಧ. ಸ್ವತಃ ಗರ್ಭಿಣಿಯೂ ಅಪರಾಧಿ. 1971ರ ಕಾಯಿದೆ ಆ ಗೋಡೆಯಲ್ಲಿ ಒಂದು ಬಾಗಿಲು ತೆರೆಯಿತು. ನೋಂದಾಯಿತ ವೈದ್ಯರು, ನಿರ್ದಿಷ್ಟ ಕಾರಣಗಳು, ವಾರಗಳ ಮಿತಿ ಇವು ಆ ಬಾಗಿಲಿನ ಚೌಕಟ್ಟು. ಗರ್ಭನಿರೋಧಕ ವಿಫಲವಾದುದೂ ಒಂದು ಕಾರಣವಾಗಬಹುದೆಂದು ಕಾಯಿದೆ ಒಪ್ಪಿತು, ಆದರೆ ‘ವಿವಾಹಿತ ಸ್ತ್ರೀ ಅಥವಾ ಆಕೆಯ ಪತಿ’ ಬಳಸಿದ್ದಾದರೆ ಮಾತ್ರ. ಆಮೇಲೆ ನ್ಯಾಯಾಲಯಗಳು ಒಂದೊಂದೇ ಹೆಜ್ಜೆ ಮುಂದಿಟ್ಟವು. ಹೆರುವುದೋ ಬಿಡುವುದೋ ಎಂಬ ಆಯ್ಕೆ ಸಂವಿಧಾನದ ಇಪ್ಪತ್ತೊಂದನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಟ್ಟಿಗೆ ಕುಳಿತು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. 2021ರ ತಿದ್ದುಪಡಿಯಲ್ಲಿ ‘ವಿವಾಹಿತ’ ಎಂಬ ಪದ ಹೋಯಿತು. ‘ಪತಿ’ ಇದ್ದ ಜಾಗದಲ್ಲಿ ‘ಸಂಗಾತಿ’ ಬಂದು ಕುಳಿತ. ಕರಡು ತಿದ್ದುವವಳಾದ ನನಗೆ, ಸಂಸತ್ತೂ ನನ್ನಂತೆಯೇ ಒಂದು ಪದ ಹೊಡೆದುಹಾಕಿ ಮೇಲೆ ಇನ್ನೊಂದು ಬರೆದಿದೆಯಲ್ಲ ಎಂದು ಆ ದಿನ ಬಹಳ ಹಿಗ್ಗಾಯಿತು.

ಅದೇ ತಿದ್ದುಪಡಿ, ಕೆಲವು ಬಗೆಯ ಹೆಂಗಸರಿಗೆ ಇಪ್ಪತ್ತನೆಯ ವಾರದ ಬಳಿಕ ಇಪ್ಪತ್ನಾಲ್ಕನೆಯ ವಾರದವರೆಗೂ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಟ್ಟಿತು. ಆ ‘ಕೆಲವು ಬಗೆ’ ಯಾವುವೆಂದು ಹೇಳಲು ನಿಯಮಗಳು ಬಂದವು. ಅವುಗಳಲ್ಲೊಂದನ್ನು ನಾನು ಕನ್ನಡಕ್ಕೆ ತಂದದ್ದು ಹೀಗೆ: ‘ಗರ್ಭಾವಸ್ಥೆಯ ಅವಧಿಯಲ್ಲಿ ವೈವಾಹಿಕ ಸ್ಥಿತಿಯ ಬದಲಾವಣೆ (ವೈಧವ್ಯ ಮತ್ತು ವಿಚ್ಛೇದನ).’ ಬರೆದು ಮುಂದಕ್ಕೆ ಹೋದೆ. ಆ ಕಂಸ ನಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆಂದು ನನಗೇನು ಗೊತ್ತು?

ಅಧ್ಯಾಯದ ಕರಡು ಮೇಜಿನ ಮೇಲಿದ್ದ ವಾರವೇ ತಂಗಿ ಮನೆಗೆ ಬಂದಳು. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ, ಒಳ್ಳೆಯ ಸಂಬಂಧವೆಂದು ಓದು ಬಿಡಿಸಿ ಮದುವೆ ಮಾಡಿದ್ದೆವು. ಐದು ತಿಂಗಳ ಗರ್ಭಿಣಿ. ಮಾರ್ಕೆಟ್‌ನಲ್ಲಿ ಬಸ್ಸಿಳಿದು, ಹೂವಿನ ಮೂಟೆಗಳ ನಡುವೆ ದಾರಿ ಮಾಡಿಕೊಂಡು, ಒಂದು ಚೀಲ ಹಿಡಿದು ನಡೆದು ಬಂದಿದ್ದಳು. ಎಡಗೆನ್ನೆ ಊದಿತ್ತು. ಅಮ್ಮ ಏನೂ ಕೇಳದೆ ಅನ್ನ ಬಡಿಸಿದರು. ಊಟ ಮುಗಿಸಿ ಕೈ ತೊಳೆಯುವಾಗ ತಂಗಿ ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು:

“ಅಕ್ಕಾ, ವಾಪಸ್ ಹೋಗಲ್ಲ ನಾನು. ಇದೂ ನಂಗೆ ಬೇಡ.”

“ಯಾವುದು?” ಎಂದೆ, ತಿಳಿದೂ.

“ಇದು.” ಹೊಟ್ಟೆಯ ಮೇಲೆ ಕೈಯಿಟ್ಟಳು. “ಅಲ್ಲೇ ಇದ್ದಿದ್ರೆ ನಾನೂ ಬೇಕು ಅಂತಿದ್ನೋ ಏನೋ. ಈಗ ಬೇಡ. ಇದನ್ನ ಹಿಡ್ಕೊಂಡು ಅವ್ನು ಜೀವನಪೂರ್ತಿ ನನ್ನ ಹಿಂದೆ ಬರ್ತಾನೆ. ಸಿಟ್ಟಲ್ಲಿ ಹೇಳ್ತಿಲ್ಲ ಕಣೆ. ಬಸ್ಸಲ್ಲಿ ಇಡೀ ದಾರಿ ಯೋಚ್ನೆ ಮಾಡ್ಕೊಂಡೇ ಬಂದೆ.”

ಮಾರನೆಯ ದಿನ ಇಬ್ಬರೂ ನಮ್ಮ ಭಾಗದ ಒಂದು ಆಸ್ಪತ್ರೆಗೆ ಹೋದೆವು. ಹೆರಿಗೆ ವೈದ್ಯೆ ತಾಳ್ಮೆಯಿಂದ ಕೇಳಿದರು, ಪರೀಕ್ಷಿಸಿದರು. ಇಪ್ಪತ್ತೊಂದು ವಾರ ಮುಗಿದಿತ್ತು. ಮಾಡಬಹುದು, ಆದರೆ ಕಚೇರಿಯ ಒಪ್ಪಿಗೆ ಬೇಕು ಎಂದರು. ಕಚೇರಿಯೆಂದರೆ ಆಡಳಿತಾಧಿಕಾರಿ: ನಡುವಯಸ್ಸಿನ, ಮೃದು ಮಾತಿನ, ಯಾವುದಕ್ಕೂ ‘ನಾಳೆ ನಮಗೆ ತೊಂದ್ರೆ ಆಗ್ಬಾರ್ದು ನೋಡಿ’ ಎನ್ನುವ ಮನುಷ್ಯ.

“ಗಂಡನ ಸೈನ್ ತಂದ್ಬಿಡಿ ಮೇಡಂ, ಮುಗೀತು.”

“ಅವ್ರು ಕೊಡಲ್ಲ ಸರ್. ನಾನೂ ಕೇಳಲ್ಲ,” ಎಂದಳು ತಂಗಿ.

“ಹಂಗಿದ್ರೆ ಡೈವೋರ್ಸ್ ಆರ್ಡರ್ ತನ್ನಿ. ಇಪ್ಪತ್ತು ವಾರದ ಮೇಲೆ ವಿಧವೆಗೆ ಇದೆ, ಡೈವೋರ್ಸಿಗೆ ಇದೆ. ರೂಲ್ಸಲ್ಲಿ ಬ್ರಾಕೆಟ್ಟಲ್ಲಿ ಕ್ಲಿಯರಾಗಿ ಹಾಕಿದಾರೆ. ನೀವು ಎರಡೂ ಅಲ್ವಲ್ಲ?”

ವಿಚ್ಛೇದನಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನಮಗಿದ್ದುದು ಮೂರು ವಾರಕ್ಕಿಂತ ಕಡಿಮೆ ಸಮಯ. ಅದು ದಾಟಿದರೆ ತಂಗಿಯ ಮುಂದಿನ ಬಾಳೆಲ್ಲ ಆ ಮನೆಯ ಹೊಸ್ತಿಲಿಗೇ ಕಟ್ಟಿಹಾಕಿದಂತೆ. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ದೊಡ್ಡ ಮೇಜಿನ ಆಚೆ ಕುಳಿತವರ ಎದುರು ನನ್ನ ಕನ್ನಡವೂ ಇಂಗ್ಲಿಷೂ ಒಟ್ಟಿಗೇ ಮಾಯವಾಗುವುದು ಹಳೆಯ ವಾಡಿಕೆ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು.

“ಏನಂದ್ರವ್ವಾ?”

“ನಿಯಮದಲ್ಲಿ ಕಂಸದೊಳಗೆ ಎರಡೇ ಪದ ಇದೆಯಂತಮ್ಮ. ಗಂಡ ಸತ್ತಿರ್ಬೇಕು, ಇಲ್ಲ ಡೈವೋರ್ಸ್ ಆಗಿರ್ಬೇಕು.”

“ಯಾವ ಕಂಸ?”

“ಬ್ರಾಕೆಟ್ಟು ಅಂತಾರಲ್ಲ, ಅದು.”

ಅಮ್ಮ ಸೆರಗಿಗೆ ಕೈ ಒರೆಸಿಕೊಂಡರು. “ಕಂಸ ಅಂದ್ರೆ ನಂಗೊತ್ತಿರೋನು ಒಬ್ನೇ ಕಣವ್ವ. ಒಡಹುಟ್ಟಿದೋಳ್ನೇ ಸೆರೇಲಿ ಕೂಡಾಕ್ದೋನು. ಹೆರು ಅನ್ನೋನೂ ಅವ್ನೇ, ಹುಟ್ಟಿದ್ದು ಏನಾಗ್ಬೇಕು ಅನ್ನೋನೂ ಅವ್ನೇ. ನಿಂಗೇನು ಬೇಕವ್ವಾ ಅಂತ ಆಯಮ್ಮನ್ನ ಒಬ್ರಾದ್ರೂ ಕೇಳಿದ್ರಾ?”

“ಈಗ್ಲೂ ಕೇಳ್ತಿಲ್ವಲ್ಲಮ್ಮಾ,” ಎಂದು ತಂಗಿ ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಸಂಜೆ ಅಂಗಡಿ ಮುಚ್ಚಿ ಅಪ್ಪ ಬಂದರು. ವಿಷಯ ತಿಳಿದು, ಹಾಕಿದ್ದ ಚಪ್ಪಲಿಯನ್ನು ಬಿಡದೆಯೇ ನಿಂತರು. “ಒಂದು ಸೈನ್ ತಾನೇ? ನಾನೋಗ್ತೀನಿ. ಅಳೀಮಯ್ಯನ ಕಾಲಿಡ್ಕಂಡಾದ್ರೂ ಹಾಕ್ಸ್ಕಂಬತ್ತೀನಿ.”

“ಹಾಕ್ದ ಮೇಲೆ ಏನ್ ಕೇಳ್ತಾನೆ ಗೊತ್ತಾ ಅಪ್ಪಾ? ವಾಪಸ್ ಕಳ್ಸಿ ಅಂತಾನೆ,” ಎಂದಳು ತಂಗಿ. “ನೀವು ಅವ್ನ ಸೈನ್ ತಂದ್ರೆ ನಾನು ಆಸ್ಪತ್ರೆಗೇ ಹೋಗಲ್ಲ.”

“ಗಂಡನ ಕೇಳ್ದೆ ಎಲ್ಲಾರಾ ಉಂಟೇನವ್ವ? ನಾಳೆ ಜನ...”

ಆಗ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದರು. ಅವರ ದನಿ ಎತ್ತರವಾಗಿರಲಿಲ್ಲ.

“ನಾನು ಕೇಳ್ದೆ ಮಾಡಿದ್ದೆ.”

ಅಪ್ಪ ತಿರುಗಿ ನೋಡಿದರು.

“ಚಿಕ್ಕೋಳು ಇನ್ನೂ ಎದೆಹಾಲು ಕುಡೀತಿದ್ಲು. ಮತ್ತೆ ಬಸ್ರಾದೆ. ಮೈನಾಗೆ ಶಕ್ತಿ ಇರ್ಲಿಲ್ಲ. ಆಸ್ಪತ್ರೆಗೋದ್ರೆ ಗಂಡನ ಸೈನ್ ತಗಂಬಾ ಅಂದ್ರು. ನಿಮ್ಮನ್ನ ಕೇಳಿದ್ರೆ, ಗಂಡಾಗ್ಬೋದು ತಡಿ ಅಂತಿದ್ರಿ. ಊರಿಗೋಗಿ ಯಾರೋ ಕೊಟ್ಟ ಬೇರು ಕುಡ್ದೆ. ಸಾಯ್ದೆ ಉಳ್ಕೊಂಡಿದ್ದೇ ಹೆಚ್ಚು.”

“ಆವಾಗ... ಅಬಾರ್ಷನ್ ಆಯ್ತು ಅಂದಿದ್ದೆ,” ಎಂದರು ಅಪ್ಪ.

“ಆಯ್ತು ಅಂದೆ. ಆಗಿದ್ದಲ್ಲ.”

ನನ್ನ ತಲೆಯಲ್ಲಿ ಒಂದು ವಾಕ್ಯ ಹೊಡೆದುಕೊಳ್ಳುತ್ತಿತ್ತು, ನಾನೇ ಅನುವಾದಿಸಿದ ವಾಕ್ಯ: ಪ್ರಾಪ್ತ ವಯಸ್ಸಿನ ಹೆಂಗಸಿನ ವಿಷಯದಲ್ಲಿ ಆಕೆಯೊಬ್ಬಳ ಒಪ್ಪಿಗೆ ಸಾಕು. ಅದು ಹೊಸ ತಿದ್ದುಪಡಿಯ ಮಾತಲ್ಲ. 1971ರ ಕಾಯಿದೆಯಲ್ಲೇ ಇತ್ತು. ಅಮ್ಮ ಆಸ್ಪತ್ರೆಯ ಬಾಗಿಲಿಂದ ಹಿಂದಿರುಗಿದ ದಿನವೂ ಅದು ಕಾನೂನಾಗಿತ್ತು. ಹೇಳುವವರು ಇರಲಿಲ್ಲ. ನಾನು ಅದನ್ನು ಗಟ್ಟಿಯಾಗಿ ಹೇಳಿದೆ. ಅಮ್ಮ ನನ್ನ ಕಡೆ ತಿರುಗಿ, “ಹಂಗಾರೆ ಇವಳ್ಗಾದ್ರೂ ಹೇಳೋರು ಅವ್ರೆ,” ಎಂದರು.

ಮರುದಿನ ಬೆಳಿಗ್ಗೆ ನಾನು ಅಚ್ಚುಕೂಟಕ್ಕೆ ಬೇಗ ಹೋಗಿ, ಅಧ್ಯಾಯದ ಕೊನೆಗೆ ಸೇರಿಸಲೆಂದು ಒಮ್ಮೆ ಓದಿ ಇಟ್ಟಿದ್ದ, ಇದೇ ನಿಯಮದ ಬಗೆಗಿನ ಸರ್ವೋಚ್ಚ ನ್ಯಾಯಾಲಯದ 2022ರ ಸೆಪ್ಟೆಂಬರ್ ತಿಂಗಳ ತೀರ್ಪನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದೆ. ಅನುವಾದಕ್ಕಾಗಿ ಓದಿದಾಗ ಅದು ಬರಿಯ ಪಾಠವಾಗಿತ್ತು; ಈಗ ಓದಿದಾಗ ನಮ್ಮ ಮನೆಯದೇ ಕಥೆ. ಮದುವೆಯಾಗದ ಒಬ್ಬ ತರುಣಿ ಗರ್ಭಿಣಿಯಾಗಿದ್ದಳು. ಮದುವೆಯಾಗುತ್ತೇನೆಂದವನು ಕಡೆಯ ಗಳಿಗೆಯಲ್ಲಿ ಹಿಂದೆ ಸರಿದ. ಇಪ್ಪತ್ತು ವಾರ ದಾಟಿದ್ದ ಆಕೆಗೆ, ಅವಿವಾಹಿತೆಗೆ ಈ ನಿಯಮದಲ್ಲಿ ಜಾಗವಿಲ್ಲವೆಂದು ಹೈಕೋರ್ಟು ಹೇಳಿತು. ಆಕೆ ದೇಶದ ಅತಿ ದೊಡ್ಡ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಮೂವರು ನ್ಯಾಯಮೂರ್ತಿಗಳು ಆಕೆಯ ಪರವಾಗಿ ನಿಂತರು. ಆ ನಿಯಮದ ಜೀವಾಳ ಹೆಣ್ಣಿನ ಬದುಕಿನ ಸ್ಥಿತಿಗತಿ ಬದಲಾಗುವುದರಲ್ಲಿದೆ. ಗಂಡ ಸತ್ತಾಗ ಅಥವಾ ವಿಚ್ಛೇದನವಾದಾಗ ಮಾತ್ರ ಅದು ಬದಲಾಗುವುದೆಂದು ತಿಳಿಯಬಾರದು. ಸಂಗಾತಿಯಿಂದ ಬೇರೆಯಾದವಳ, ಕೈಬಿಡಲ್ಪಟ್ಟವಳ ಸ್ಥಿತಿಯೂ ಬದಲಾಗುತ್ತದೆ. ವೈದ್ಯರು ಕಾನೂನಿನಲ್ಲಿಲ್ಲದ ಷರತ್ತುಗಳನ್ನು, ಮನೆಯವರ ಒಪ್ಪಿಗೆಯಂಥವನ್ನು, ಹೇರಬಾರದು. ಇವು ನನ್ನ ಮಾತಿನಲ್ಲಿ ಆ ತೀರ್ಪಿನ ಸಾರ.

ಮೇಷ್ಟ್ರು ಛತ್ರಿ ತಗುಲಿಹಾಕುತ್ತ, “ಏನಮ್ಮಾ, ಇಷ್ಟು ಬೆಳಿಗ್ಗೆ?” ಎಂದರು. ಹೇಳಿದೆ. ಎಲ್ಲವನ್ನೂ ಹೇಳಿದೆ. ಹಳೆಯ ಕಾಲದ ಮನುಷ್ಯ, ಏನೆನ್ನುತ್ತಾರೋ ಎಂಬ ಅಳುಕಿತ್ತು. ಅವರು ಕನ್ನಡಕ ಒರೆಸಿಕೊಂಡು ಆ ನಿಯಮದ ಹಾಳೆಯನ್ನು ಕೇಳಿ ಪಡೆದರು.

“ಕಂಸ ತೆಗೆದು ಓದಿದೆಯೇನು?”

ನಾನು ಓದಿರಲಿಲ್ಲ. ಪುಸ್ತಕಗಳಲ್ಲಿ ಸಾವಿರ ಸಲ ಮಾಡಿದ ಕೆಲಸ, ಆಸ್ಪತ್ರೆಯಲ್ಲಿ ಹೊಳೆದಿರಲಿಲ್ಲ.

“ಓದು ಮತ್ತೆ.”

ಓದಿದೆ. ವಾಕ್ಯ ನಿಂತಿತು. ಕಂಬದಂತೆ ನಿಂತಿತು.

ನಿಯಮದ ಹಾಳೆಯನ್ನೂ ತೀರ್ಪಿನ ಹಾಳೆಗಳನ್ನೂ ಅವುಗಳ ಮುಖ್ಯ ಭಾಗಗಳ ನನ್ನ ಕನ್ನಡ ರೂಪವನ್ನೂ ಮುದ್ರಿಸಿಕೊಂಡು ಅಪ್ಪನ ಅಂಗಡಿಗೆ ಹೋದೆ. ಪಿನ್ನು ಹೊಡೆಯಲು ಕೇಳೋಣವೆಂದಿದ್ದೆ. ಅಪ್ಪ ಹಾಳೆಗಳನ್ನು ತೆಗೆದುಕೊಂಡು ಅಂಚು ತಟ್ಟಿ ಸರಿಮಾಡಿದರು.

“ಬಿಡಿ ಹಾಳೆ ತಗಂಡೋದ್ರೆ ಯಾವನ್ ಓದ್ತಾನೆ? ಕೂತ್ಕ.”

ಸೂಜಿಗೆ ಮೇಣ ಸವರಿದ ದಾರ ಪೋಣಿಸಿದರು. ನಾನು ಕುಳಿತು ನೋಡಿದೆ. ಅಪ್ಪ ಹಾಳೆಗಳನ್ನು ಸಣ್ಣ ಕಟ್ಟುಗಳಾಗಿ ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಕೂರಿಸಿ, ಕಂದು ರೆಕ್ಸಿನ್ ಎಳೆದು ಕಟ್ಟಿದರು. ಹೈಕೋರ್ಟಿನ ದೊಡ್ಡ ವಕೀಲರಿಗೆ ಮಾಡುವ ಕೆಲಸಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ. ಆಮೇಲೆ ಅಚ್ಚಿನ ಅಕ್ಷರಗಳ ಡಬ್ಬಿ ತೆರೆದರು.

“ಬೆನ್ನಿನ ಮ್ಯಾಲೆ ಏನ್ ಹಾಕ್ಲಿ? ಕೇಸು ಯಾರದು?”

“ಹೆಸರಿಲ್ಲಪ್ಪ. ಯಾರು ಅಂತ ಗೊತ್ತಾಗ್ಬಾರ್ದು ಅಂತ ಎಕ್ಸ್ ಅಂತ ಇಟ್ಟಿದಾರೆ.”

“ಎಕ್ಸ್ ಅಂದ್ರೆ ತಪ್ಪಿನ ಗುರ್ತಲ್ವೇನವ್ವ? ನೀನು ಕೆಂಪಲ್ಲಿ ಹಾಕ್ತೀಯಲ್ಲ?”

“ಆ ಎಕ್ಸ್ ಅಲ್ಲಪ್ಪ. ಲೆಕ್ಕದಲ್ಲಿ ಬರುತ್ತಲ್ಲ, ಅದು. ಆ ಜಾಗದಲ್ಲಿ ಯಾರು ಬೇಕಾದ್ರೂ ಇರಬಹುದು.”

ಅಪ್ಪ ಆ ಅಕ್ಷರವನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದರು. “ನಮ್ ಚಿಕ್ಕೋಳೂನೂ?”

“ಹೂಂ. ಅಮ್ಮನೂ.”

ಅವರು ಅಕ್ಷರವನ್ನು ಕಾಯಿಸಿ, ಚಿನ್ನದ ಹಾಳೆಯ ಮೇಲಿಟ್ಟು ಒತ್ತಿದರು. ಕಂದು ಬೆನ್ನಿನ ಮೇಲೆ ಒಂದೇ ಒಂದು ಅಕ್ಷರ ಹೊಳೆಯಿತು.

ಅಂಟು ಆರಿದ ಮಾರನೆಯ ಬೆಳಿಗ್ಗೆ ನಾವು ನಾಲ್ವರೂ ಆಟೋ ಹತ್ತಿದೆವು. ಪುಸ್ತಕ ಅಪ್ಪನ ತೊಡೆಯ ಮೇಲೆ, ಶುಭ್ರವಾದ ಟವೆಲ್ಲಿನಲ್ಲಿ. ಆಡಳಿತಾಧಿಕಾರಿಗಳು ನಮ್ಮನ್ನು ಕಂಡು ಮುಖ ಬಾಡಿಸಿಕೊಂಡರು. ಟವೆಲ್ ಬಿಚ್ಚಿ ಅಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟೊಡನೆ ನೆಟ್ಟಗೆ ಕುಳಿತರು.

“ಇದು ಯಾವ ಲಾಯರ್ ಆಫೀಸಿಂದ ತಂದ್ರಿ?”

“ನಮ್ದೇ ಸಾಮಿ.”

“ನೀವು... ಲಾಯರಾ?”

“ಇಲ್ಲ ಸಾಮಿ. ಬೈಂಡರು.”

ವೈದ್ಯೆಯೂ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ನಗುವಿನಿಂದ ನನ್ನ ನಾಲಿಗೆಯ ಗಂಟು ಸಡಿಲಾಯಿತೆಂದು ತೋರುತ್ತದೆ. ನಿಯಮದ ಪುಟ ತೆರೆದು ಅವರ ಮುಂದೆ ತಿರುಗಿಸಿದೆ.

“ಸರ್, ಆ ಬ್ರಾಕೆಟ್ಟಿನ ಮೇಲೆ ಬೆರಳಿಟ್ಟು, ಮಿಕ್ಕಿದ್ದನ್ನ ಓದಿ.”

“ಯಾಕೆ ಮೇಡಂ?”

“ಓದಿ ಸರ್, ದಯವಿಟ್ಟು.”

ಅವರು ಹೆಬ್ಬೆರಳಿನಿಂದ ಎರಡು ಪದಗಳನ್ನು ಮುಚ್ಚಿದರು. “ಗರ್ಭಾವಸ್ಥೆಯ ಅವಧಿಯಲ್ಲಿ ವೈವಾಹಿಕ ಸ್ಥಿತಿಯ ಬದಲಾವಣೆ...” ಎಂದು ಓದಿದರು.

ತಂಗಿ ಮುಂದಕ್ಕೆ ಬಾಗಿದಳು. ಕೆನ್ನೆಯ ಊತ ಇಳಿದಿತ್ತು, ಹಸಿರು ಬಣ್ಣ ಉಳಿದಿತ್ತು. “ನನ್ನ ಸ್ಥಿತಿ ಬದಲಾಗಿದೆಯೋ ಇಲ್ವೋ, ನನ್ನ ನೋಡಿ ನೀವೇ ಹೇಳಿ ಸರ್.”

“ಅಯ್ಯೋ, ನಾನೆಲ್ಲಿ ಇಲ್ಲ ಅಂದೆ ಮೇಡಂ? ಆದ್ರೆ ಬೆರಳಿಟ್ಟು ಕಾನೂನು ಓದಕ್ಕಾಗತ್ತಾ?”

“ನಾನು ಓದಿದ್ರೆ ಸಾಲದು, ನಿಜ,” ಎಂದೆ. “ಸುಪ್ರೀಂ ಕೋರ್ಟ್ ಓದಿದೆ. ಇಲ್ಲಿ ನೋಡಿ.” ಕೆಂಪು ದಾರ ಇಟ್ಟಿದ್ದ ಪುಟ ತೆರೆದೆ. ಬೇರೆಯಾದವಳ ಮಾತಿರುವ ಭಾಗ, ಹೆಚ್ಚಿನ ಷರತ್ತು ಹೇರಬಾರದೆಂಬ ಭಾಗ, ಕಡೆಗೆ ಒಪ್ಪಿಗೆಯ ಭಾಗ. ಒಂದೊಂದನ್ನೂ ಓದಿದೆ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಒಂದು ಪದವೂ ತೊದಲಲಿಲ್ಲ.

ಅವರು ಆಸ್ಪತ್ರೆಯ ಕಾನೂನು ಸಲಹೆಗಾರರಿಗೆ ಫೋನ್ ಮಾಡಿದರು. ಎಲ್ಲರಿಗೂ ಕೇಳಲೆಂದೋ, ಜವಾಬ್ದಾರಿ ಹಂಚಿಹೋಗಲೆಂದೋ, ಸ್ಪೀಕರ್ ಹಾಕಿದರು. ವಿಷಯವೆಲ್ಲ ಕೇಳಿಸಿಕೊಂಡು ಆ ಕಡೆಯ ದನಿ ಸಿಡುಕಿತು: “ಹೌದ್ರೀ, ತೀರ್ಪಿದೆ. ಗಂಡನ ಸಹಿ ಯಾರ್ ಕೇಳಕ್ಕೆ ಹೇಳಿದ್ರು ನಿಮ್ಗೆ?”

“ನಾವು ಮುಂಚಿನಿಂದ ಹಂಗೇ ಕೇಳ್ಕೊಂಡ್ ಬಂದಿದೀವಿ ಸರ್.”

“ಇವತ್ತಿಂದ ಬಿಟ್ಬಿಡಿ.”

ಅಮ್ಮ ನನ್ನ ಕೈ ಅದುಮಿದರು. ಬಳೆ ಒತ್ತಿ ನೋವಾಯಿತು, ಬಿಡಿಸಿಕೊಳ್ಳಲಿಲ್ಲ.

ವೈದ್ಯೆ ಇನ್ನೊಬ್ಬ ವೈದ್ಯರನ್ನು ಕರೆಸಿದರು. ಇಬ್ಬರೂ ತಂಗಿಯೊಡನೆ ಪ್ರತ್ಯೇಕವಾಗಿ ಮಾತಾಡಿದರು. ನಮ್ಮನ್ನು ಹೊರಗೆ ಕೂರಿಸಿದರು. ಹಾಗೆ ಹೊರಗೆ ಕೂರಿಸಿದ್ದೇ ನನಗೆ ಹೆಚ್ಚು ಗೌರವವೆನಿಸಿತು. ಮತ್ತೆ ಒಳಗೆ ಕರೆದಾಗ ಒಪ್ಪಿಗೆಯ ಹಾಳೆ ತಂಗಿಯ ಮುಂದಿತ್ತು.

“ಎಲ್ಲಿ ಹಾಕ್ಬೇಕು ಡಾಕ್ಟ್ರೇ?”

“ಇಲ್ಲಿ. ನಿನ್ನ ಹೆಸ್ರಿನ ಎದುರಿಗೆ.”

“ಒಂದೇ ಸಹಿನಾ? ಇಷ್ಟೇನಾ?”

“ಇಷ್ಟೇ.”

ಅವಳು ಮದುವೆಯ ಮುಂಚಿನ ಸಹಿ ಹಾಕಿದಳು, ಅಪ್ಪನ ಹೆಸರಿನ ಮೊದಲ ಅಕ್ಷರದೊಂದಿಗೆ. ಅಪ್ಪ ಅದನ್ನು ಕಂಡು ಕಿಟಕಿಯ ಕಡೆ ತಿರುಗಿದರು.

ಆ ವಾರವೇ ಎಲ್ಲವೂ ಸುಸೂತ್ರವಾಗಿ ಮುಗಿಯಿತು. ತಂಗಿಗೆ ಎಚ್ಚರವಾದಾಗ ಪಕ್ಕದಲ್ಲಿ ನಾನಿದ್ದೆ. ಅವಳು ಅಳುತ್ತಾಳೇನೋ, ಏನು ಹೇಳಿ ಸಮಾಧಾನಪಡಿಸಲಿ ಎಂದು ವಾಕ್ಯಗಳನ್ನು ಜೋಡಿಸಿಕೊಂಡು ಕುಳಿತಿದ್ದೆ. ಅವಳು ಕಣ್ಣು ತೆರೆದು, “ಅಕ್ಕಾ, ಖಾರಾ ಬನ್ ತಿನ್ಬೇಕು ಅನ್ಸ್ತಿದೆ” ಎಂದಳು. ಅಳು ಬಂದದ್ದು ನನಗೆ. ಅಪ್ಪ ಆ ಮಾತು ಕೇಳಿದವರೇ ಬೇಕರಿಗೆ ಹೊರಟರು; ಆರು ಜನರಿಗಾಗುವಷ್ಟು ತಂದರು. ವೈದ್ಯೆಗೂ ಒಂದು ಕೊಟ್ಟರು. ಆಡಳಿತಾಧಿಕಾರಿಗಳಿಗೂ ಕೊಟ್ಟರೆಂದು ಆಮೇಲೆ ತಿಳಿಯಿತು.

ಮನೆಗೆ ಬಂದ ಮೇಲೆ ಎದುರುಮನೆಯ ಅತ್ತೆ ನೋಡಿಕೊಂಡು ಹೋಗಲು ಬಂದರು. ಒಳ್ಳೆಯ ಹೆಂಗಸು, ನಮ್ಮನ್ನು ಎತ್ತಿ ಆಡಿಸಿದವರು. ತಂಗಿಯ ತಲೆ ಸವರಿ, ಬೀದಿಯಲ್ಲೆಲ್ಲ ಬಳಕೆಯಲ್ಲಿರುವ ಅದೇ ಮಾತನ್ನು ಕರುಣೆಯಿಂದ ಹೇಳಿದರು: “ಪಾಪ, ಅಬಾರ್ಷನ್ ಆಗೋಯ್ತಂತಲ್ಲ ಮಗಾ?”

ಒಂದು ‘ಹೂಂ’ ಎಂದಿದ್ದರೆ ಸಾಕಿತ್ತು. ಎಲ್ಲರಿಗೂ ಸುಲಭ. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ತಂಗಿಯ ಕಡೆ ನೋಡಿದರು.

“ಆಗ್ಲಿಲ್ಲ ಅತ್ತೆ,” ಎಂದಳು ತಂಗಿ. “ಮಾಡಿಸ್ಕೊಂಡೆ.”

ಅತ್ತೆಯ ಕೈ ತಲೆಯ ಮೇಲೆ ಹಾಗೆಯೇ ನಿಂತಿತು. ಕೂತಲ್ಲೇ ಒಂದು ಸಲ ಕೆಮ್ಮಿದರು. ಆಮೇಲೆ ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ, “ನಾನೂನೂ ಮಗಾ. ನಮ್ ದೊಡ್ಡೋನ್ ಆದ್ಮೇಲೆ” ಎಂದರು. ಅಮ್ಮ ತಟ್ಟೆಯಲ್ಲಿದ್ದ ಬಾಳೆಹಣ್ಣು ಅವರ ಕೈಗಿಟ್ಟು, “ನಾನೂನೂ” ಎಂದರು. ಮೂವರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು ನಗಲಾರಂಭಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಹಬ್ಬದ ದಿನ ಹೋಳಿಗೆ ತಟ್ಟುವಾಗ ನಗುವಂಥ ನಗು ಅದು.

ಕೈಪಿಡಿಯ ಅಧ್ಯಾಯವನ್ನು ಆಮೇಲೆ ಮುಗಿಸಿದೆ. ಆ ನಿಯಮವನ್ನು ಇದ್ದಂತೆಯೇ ಕೊಟ್ಟು, ಕೆಳಗೆ ತೀರ್ಪಿನ ಸಾರವನ್ನು ಕಂಸವಿಲ್ಲದೆ ಬರೆದೆ: ಗಂಡನಿಂದ ಬೇರೆಯಾದವಳೂ ಮದುವೆಯಾಗದವಳೂ ಈ ನಿಯಮದ ವ್ಯಾಪ್ತಿಗೆ ಬರುತ್ತಾರೆ, ಪ್ರಾಪ್ತ ವಯಸ್ಸಿನ ಹೆಂಗಸಿಗೆ ಗಂಡನ ಸಹಿ ಬೇಕಿಲ್ಲ. ಮೇಷ್ಟ್ರು ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದರು. ಒಂದು ಗುರುತೂ ಹಾಕಲಿಲ್ಲ. ಅವರ ಮೇಜಿನಿಂದ ನನ್ನ ಹಾಳೆಯೊಂದು ಹಾಗೆ ಬಿಳಿಯಾಗಿ ಹಿಂದಿರುಗಿದ್ದು ಅದೇ ಮೊದಲು.

ಬಳಿಕ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ತಂಗಿ ಬಿಟ್ಟಿದ್ದ ಪರೀಕ್ಷೆಗಳನ್ನು ಬರೆದು ಬಿ.ಕಾಂ. ಮುಗಿಸಿದಳು, ಈಗ ಗಾಂಧಿಬಜಾರಿನ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ. ನಮ್ಮ ಮನೆಯಲ್ಲಿ ಈಗ ಪದವೀಧರರು ಇಬ್ಬರು. ಆಕೆಗೆ ವಿಚ್ಛೇದನವೂ ಆಗಿದೆ. ಆಮೇಲೊಮ್ಮೆ ನಡೆದ ಅಮ್ಮನ ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಅಮ್ಮನೇ ಸಹಿ ಹಾಕಿದರು. ಯಾರೂ ಹೇಳದೆಯೇ ಅಪ್ಪ ಪೆನ್ನು ಅವರ ಕೈಗೆ ಕೊಟ್ಟರು. ಅಪ್ಪನ ಅಂಗಡಿಯಲ್ಲಿ, ವಕೀಲರ ಪುಸ್ತಕಗಳ ಸಾಲಿನಲ್ಲಿ, ಬೆನ್ನಿನ ಮೇಲೆ ಒಂದೇ ಅಕ್ಷರವಿರುವ ಪುಸ್ತಕವಿದೆ. ಬೀದಿಯ ಹೆಂಗಸರು ಬಂದು ಕೇಳಿದರೆ ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿ ಕೊಡುತ್ತಾರೆ. ನಮ್ಮ ಮನೆಯಲ್ಲಿ ಈಗ ಯಾರಿಗೂ ‘ಅಬಾರ್ಷನ್ ಆಯ್ತು’ ಎಂದು ಸುಳ್ಳು ಹೇಳಬೇಕಾಗಿಲ್ಲ.